ಹೆಲ್ಮೆಟ್ಟಿನೊಳಗಿನ ದನಿ

ಗಂಗಾದೇವಿ ಒರಳಲ್ಲಿ ಕಡಲೆಬೀಜದ ಚಟ್ನಿ ರುಬ್ಬುತ್ತಿದ್ದಾಗ ಮನೆ ಮುಂದೆ ಒಂದು ಹಳೆಯ ಫಿಯೆಟ್ ಕಾರು ಕೆಮ್ಮಿ ನಿಂತಿತು. ಮಗಳು ಆದಿಲಕ್ಷ್ಮಿ ಬೀದಿಗೆ ಓಡಿ ನೋಡಿಬಂದು, ಮೈಯೆಲ್ಲ ಧೂಳಾದ ಮಾಮ ಒಬ್ಬರು ತಲೆಗೆ ಹಾಕುವ ಬುಟ್ಟಿ ಹಿಡಿದುಕೊಂಡು ಬಂದಿದ್ದಾರೆ ಎಂದಳು.

ಬುಟ್ಟಿಯೆಂದರೆ ಹೆಲ್ಮೆಟ್ಟು. ಹಿಡಿದಿದ್ದವನು ಕಲ್ಯಾಣದುರ್ಗದಲ್ಲಿ ಗ್ಯಾರೇಜು ಇಟ್ಟಿದ್ದ ಶ್ರೀರಾಮುಲು. ರೇಡಿಯೋ ರಿಪೇರಿಯ ಶಂಕರಯ್ಯನವರು ಇದ್ದಾರಾ ಎಂದು ಕೇಳಿದ.

ಮಗ್ಗದ ಗುಂಡಿಯಲ್ಲಿ ಕೂತಿದ್ದ ಶಂಕರಯ್ಯ ಲಾಳಿ ನಿಲ್ಲಿಸಿದರು. "ನಾನು ಸೀರೆ ನೇಯೋನು ಕಣಪ್ಪ. ಬೋರ್ಡಿನ ಮೇಲೆ ನನ್ನ ಹೆಸರಿದೆ ಅಷ್ಟೆ. ರೇಡಿಯೋ ನೋಡೋಳು ನನ್ನ ಮಗಳು."

ಶ್ರೀರಾಮುಲು ಒರಳಿನ ಕಡೆ ನೋಡಿದ. ಮೊಣಕೈವರೆಗೂ ಚಟ್ನಿ ಮೆತ್ತಿದ್ದ ಕೈಯನ್ನು ನೋಡಿದ. ಅವನ ಹುಬ್ಬು ಮೇಲೇರಿದ್ದನ್ನು ಗಂಗಾದೇವಿ ಗಮನಿಸಿದಳು.

"ಕೈ ತೊಳ್ಕೊಂಡು ಬತ್ತೀನಿ," ಎಂದಳು. "ಅಷ್ಟೊತ್ತಿಗೆ ನಂಬಿಕೆ ಬಂದ್ರೆ ಕೂತಿರಿ. ಬರದಿದ್ರೆ ಬಾಗಿಲು ಅಲ್ಲೇ ಇದೆ."

ಅವನು ಕೂತಿದ್ದ. ನಗುತ್ತಾ ಕೂತಿದ್ದ.

ರೇಡಿಯೋ ಅಂಗಡಿ ಅವಳ ಗಂಡನದು. ಅವನು ಬದುಕಿದ್ದಾಗ ಪಕ್ಕದಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತಿದ್ದಳು. ಅವನು ತೀರಿಕೊಂಡ ಮೇಲೆ ಅಂಗಡಿಯನ್ನು ತವರಿನ ಪಡಸಾಲೆಗೆ ತಂದುಕೊಂಡು, ಮಗಳನ್ನು ಅದರಲ್ಲೇ ಸಾಕುತ್ತಿದ್ದಳು. ಹಿಂದೂಪುರದ ಅರ್ಧ ಊರಿನ ಟ್ರಾನ್ಸಿಸ್ಟರು ಅವಳ ಮೇಜಿನ ಮೇಲೆ ಬಂದು ಹೋಗುತ್ತಿತ್ತು.

ಶ್ರೀರಾಮುಲು ಬಂದ ಕಾರಣ ಬೇರೆ. ಕಲ್ಯಾಣದುರ್ಗದ ಆಚೆ, ನೀರಿಲ್ಲದ ಕೆರೆಯಂಗಳದಲ್ಲಿ ಗ್ಯಾರೇಜಿನವರು, ಲಾರಿ ಡ್ರೈವರುಗಳು ಸೇರಿ ವರ್ಷಕ್ಕೊಮ್ಮೆ ರೇಸು ನಡೆಸುತ್ತಿದ್ದರು. ವೇಗಕ್ಕಿಂತ ತಾಳಿಕೆಯ ರೇಸು ಅದು. ಬೆಳಿಗ್ಗೆಯಿಂದ ಸಂಜೆವರೆಗೂ ಓಡಬೇಕು, ಇಬ್ಬರು ಸರದಿಯ ಮೇಲೆ ಓಡಿಸಬೇಕು. ಧೂಳಿನಲ್ಲಿ ಮುಂದೆ ಕೆಟ್ಟು ನಿಂತ ಗಾಡಿ ಕಾಣದು. ದಡದಿಂದ ಹಲಗೆ ಎತ್ತಿ ತೋರಿಸಿದರೆ ಅದೂ ಕಾಣದು. ದಡದಿಂದ ಹೇಳಿದ ಮಾತು ಹೆಲ್ಮೆಟ್ಟಿನೊಳಗೆ ಕೇಳಿಸಬೇಕಿತ್ತು; ದೊಡ್ಡ ರೇಸಿನವರ ಹಾಗೆ ರೇಡಿಯೋ ಸೆಟ್ಟು ಕೊಳ್ಳಲು ಗ್ಯಾರೇಜನ್ನೇ ಮಾರಬೇಕಿತ್ತು.

ಗಂಗಾದೇವಿ ಕಾಲುವೆ ಕಂಟ್ರಾಕ್ಟರೊಬ್ಬ ಬಿಸಾಡಿದ್ದ ಎರಡು ವಾಕಿಟಾಕಿಗಳನ್ನು ಹುಡುಕಿ ತಂದಳು. ಲೈಸೆನ್ಸಿನ ಓಡಾಟವನ್ನು ರೇಸಿನವರೇ ನೋಡಿಕೊಂಡರು. ಟ್ರಾನ್ಸಿಸ್ಟರಿನ ಇಯರ್‌ಫೋನನ್ನು ಹೆಲ್ಮೆಟ್ಟಿನ ಹತ್ತಿಯೊಳಗೆ ಹೊಲಿದಳು. ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಕೂರಿಸಿ ಸ್ಪಂಜು ಸುತ್ತಿದಳು. ಕಾಲಿಂಗ್ ಬೆಲ್ಲಿನ ಗುಂಡಿಯನ್ನು ಸ್ಟೇರಿಂಗಿಗೆ ಬಿಗಿದಳು. ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಆಗದು.

ಮೊದಲ ದಿನ ಇಂಜಿನ್ನಿನ ಗರಗರವೇ ಕಿವಿ ತುಂಬಿತು. ಪ್ಲಗ್ಗುಗಳಿಗೆ ಬೇರೆ ಟೋಪಿ ಹಾಕಿಸಿ, ಬಾನೆಟ್ಟಿಗೂ ಬಾಡಿಗೂ ತಾಮ್ರದ ಪಟ್ಟಿ ಕಟ್ಟಿ, ಆಂಟೆನಾವನ್ನು ಕಾರಿನ ನೆತ್ತಿಯ ನಡುವೆ ನೆಟ್ಟು, ಅವಳು ಒಂದೊಂದೇ ಸದ್ದನ್ನು ಸೋಸಿ ತೆಗೆದಳು. ಕೊನೆಗೆ ಉಳಿದದ್ದು ಅವನ ದನಿ ಮಾತ್ರ.

"ಮೇಡಂನೋರೆ, ಕೇಳಿಸ್ತಾ? ಓವರ್."

"ಕೇಳಿಸ್ತು. ಕೂಗ್ಬೇಡಿ. ಓವರ್."

"ಮೆತ್ತಗೆ ಮಾತಾಡಿದ್ರೆ ತಪ್ಪು ತಿಳ್ಕೋತೀರೇನೋ ಅಂತ. ಓವರ್."

ಕೆರೆದಡದಲ್ಲಿ ಕೂತ ತಾಯಿ ಮಗಳಿಬ್ಬರಿಗೂ ಒಂದೊಂದು ಇಯರ್‌ಫೋನು. ಆದಿ ತಾಯಿಯ ತೊಡೆಗೆ ಒರಗಿ ತನ್ನದನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದಳು. ಅಮ್ಮ ನಗುವುದನ್ನು ಅವಳು ಹೊಸದಾಗಿ ನೋಡುತ್ತಿದ್ದಳು. ಅಮ್ಮನಿಗೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅವನು ಕಾರನ್ನು ಕೆರೆಯ ಆಚೆ ದಡಕ್ಕೆ ಒಯ್ದು ಇಂಜಿನ್ ಆರಿಸಿದ. "ಮುಖ ನೋಡಿ ಹೇಳೋ ಧೈರ್ಯ ಇಲ್ಲ, ಅದ್ಕೇ ಇಷ್ಟು ದೂರ ಬಂದ್ಬುಟ್ಟೆ. ನಮ್ಮನೆಗೆ ಬತ್ತೀರಾ ಗಂಗಾ? ಓವರ್."

ಗಂಗಾದೇವಿ ನಗು ಅದುಮಿಕೊಂಡಳು. ಆಮೇಲೆ, "ಇಂಜಿನ್ ಸದ್ದು ಜಾಸ್ತಿ. ಇನ್ನೊಂದ್ಸಲ ಹೇಳಿ. ಓವರ್," ಎಂದಳು.

ಅವನು ಇನ್ನೊಂದು ಸಲ ಹೇಳಿದ. ಮತ್ತೊಂದು ಸಲವೂ ಹೇಳಿದ. ಆಲೋಚನೆ ಮಾಡಿ ಹೇಳುತ್ತೀನಿ ಎಂದು ಅಮ್ಮ ಅವನಿಗೆ ಅಂದದ್ದು ಕೇಳಿ ಆದಿ ಏನನ್ನೋ ಕೇಳಲು ಬಾಯಿ ತೆರೆದಳು. ಅಮ್ಮನ ಕೆನ್ನೆಯ ಗುಳಿ ಕಂಡು ಬಾಯಿ ಮುಚ್ಚಿಕೊಂಡಳು. ಆವತ್ತಿನಿಂದ ಅನ್ನ ಕಲಸುವಾಗ, ಜಡೆ ಹಾಕಿಸಿಕೊಳ್ಳುವಾಗ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಆ ಮಾತು ಅವಳ ಗಂಟಲಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಏನು ಚಿನ್ನಾ ಎಂದರೆ ಏನಿಲ್ಲ ಎನ್ನುವಳು.

ರೇಸಿನ ದಿನ ಶಾಮಿಯಾನದ ನೆರಳಿನಲ್ಲಿ ಮೇಜು ಹಾಕಿ ಗಂಗಾದೇವಿ ಸೆಟ್ಟು ಇಟ್ಟಳು. ಬೆಳಿಗ್ಗೆಯ ಸರದಿಯನ್ನು ಜೊತೆಯ ಡ್ರೈವರು ಈರಲಿಂಗಪ್ಪ ಮುಗಿಸಿದ್ದ. ಬಿಸಿಲೇರುವ ಹೊತ್ತಿಗೆ ಸ್ಟೇರಿಂಗಿನ ಹಿಂದೆ ಶ್ರೀರಾಮುಲು ಇದ್ದ. ಆ ಹೊತ್ತಿಗೆ ಮೂರು ಗಾಡಿಗಳು ತಿರುವಿನಲ್ಲಿ ಸಿಕ್ಕಿಕೊಂಡು ಧೂಳು ಗೋಡೆಯಂತೆ ಎದ್ದಿತು. ಗಂಗಾದೇವಿಯ ಒಂದು ಕೈಯಲ್ಲಿ ದುರ್ಬೀನು, ಇನ್ನೊಂದರಲ್ಲಿ ಸುತ್ತು ಗುರುತು ಹಾಕುವ ಸ್ಲೇಟು. ತನ್ನ ಸೆಟ್ಟಿನ ಗುಂಡಿ ಒತ್ತಲು ಮೂರನೇ ಕೈ ಇರಲಿಲ್ಲ. ಅವಳು ರವಿಕೆಗೆ ಸಿಕ್ಕಿಸಿದ್ದ ರೇಷ್ಮೆ ಎಳೆಯಿಂದ ಗುಂಡಿಯನ್ನು ಒತ್ತಿ ಕಟ್ಟಿದಳು. ಮಗ್ಗದಲ್ಲಿ ಕಡಿದ ಹಾಸಿನ ನೂಲನ್ನು ಸೇರಿಸುವಾಗ ನೇಕಾರರು ಹಾಕುವ ಗಂಟು ಅದು. ಮಗ್ಗದ ಮನೆಯ ಬೆರಳು ಬೇರೆ ಗಂಟು ಹಾಕಲಾರದು. ಅದು ತಾನಾಗಿ ಸಡಿಲವಾಗುವುದೂ ಇಲ್ಲ.

ಎಡಕ್ಕೆ, ಎಡಕ್ಕೆ, ಈಗ ನೇರ ಎಂದು ಹೇಳುತ್ತಾ ಅವನನ್ನು ಧೂಳಿನಿಂದ ಈಚೆ ತಂದಳು. ಗಂಟು ಬಿಚ್ಚಬೇಕು ಅನ್ನುವಷ್ಟರಲ್ಲಿ ಮೇಜಿನ ಎದುರು ಕೊಡೆ ಮಡಚಿಕೊಂಡು ಶ್ರೀರಾಮುಲುವಿನ ತಾಯಿ ನರಸಕ್ಕ ಬಂದು ಕೂತರು.

ನರಸಕ್ಕ ಮೊದಲು ಬಿಸಿಲಿನ ಬಗ್ಗೆ ಮಾತಾಡಿದರು. ಗಂಗಾದೇವಿಯ ಸೀರೆ ಮುಟ್ಟಿ ನೋಡಿ ನಿಮ್ಮಪ್ಪ ನೇಯ್ದದ್ದೋ ಎಂದು ವಿಚಾರಿಸಿದರು. ಸೆರಗಿನ ಗಂಟಿನಿಂದ ಕಡಲೆಮಿಠಾಯಿ ತೆಗೆದು ಆದಿಯ ಕೈಯಲ್ಲಿಟ್ಟು ತಲೆ ಸವರಿದರು. ಸವರುತ್ತಲೇ ಹೇಳಿದರು:

"ನಿನ್ನ ಮೇಲೆ ನಂಗೇನೂ ಇಲ್ಲ ಕಣಮ್ಮ. ಗಂಡ ಇಲ್ದೋಳಾದ್ರೂ ಸರಿ, ಮಗ್ಗದೋರ ಮಗಳಾದ್ರೂ ಸರಿ ಅಂತ ಒಪ್ಕೊಂಡಿದ್ದೀನಿ. ಈ ಪಿಲ್ಲ ಮಾತ್ರ ನಮ್ಮನೆಗೆ ಬ್ಯಾಡ. ಇದರ ಮುಖ ನೋಡಿದಾಗೆಲ್ಲ ನಿಂಗೆ ಮೊದಲೊಬ್ಬ ಗಂಡ ಇದ್ದದ್ದು ನೆಪ್ಪಿಗೆ ಬತ್ತದೆ. ಹಿಂದೂಪುರದಾಗೇ ನಿಮ್ಮಪ್ಪನ ಹತ್ರ ಬಿಟ್ಟು ಬಾ."

ಆದಿ ಮಿಠಾಯಿಯನ್ನು ತಿನ್ನಲಿಲ್ಲ, ಕೆಳಗೂ ಇಡಲಿಲ್ಲ.

ನಿಮ್ಮ ಮಗನಿಗೆ ಈ ವಿಷಯ ಗೊತ್ತಾ ಎಂದು ಗಂಗಾದೇವಿ ಮೆಲ್ಲಗೆ ಕೇಳಿದಳು. ಅವನಿಗೆ ಗೊತ್ತಿಲ್ಲದೆ ನಾನು ಕೊಡೆ ಹಿಡಿದುಕೊಂಡು ಬರುತ್ತೀನಾ ಎಂದು ನರಸಕ್ಕ ನಕ್ಕು ಎದ್ದುಹೋದರು.

ಸುಳ್ಳು ಅನ್ನಿಸಿತು ಗಂಗಾದೇವಿಗೆ. ಅವನು ಹಾಗಲ್ಲ ಅನ್ನಿಸಿತು. ಆಗ ಸೆಟ್ಟಿನ ಕೆಂಪು ದೀಪ ಕಣ್ಣಿಗೆ ಬಿತ್ತು. ಗುಂಡಿ ಇನ್ನೂ ಕಟ್ಟಿಯೇ ಇತ್ತು. ಕೊಡೆ ಮಡಚಿದ್ದರಿಂದ ಹಿಡಿದು ಎಲ್ಲವೂ ಅವನ ಹೆಲ್ಮೆಟ್ಟಿನೊಳಕ್ಕೆ ಹೋಗಿತ್ತು. ಇವಳು ಗುಂಡಿ ಬಿಡುವವರೆಗೂ ಅವನು ಕೇಳಿಸಿಕೊಳ್ಳಬೇಕಷ್ಟೆ, ಬಾಯಿ ಹಾಕುವಂತಿರಲಿಲ್ಲ.

ಎಳೆಯನ್ನು ಹಲ್ಲಿನಿಂದ ಕಚ್ಚಿ ಕಡಿದಳು. ಈಗ ಅವನ ಸರದಿ. ಬೇಡ ಅನ್ನಲಿ, ಅಮ್ಮನಿಗೆ ಹುಚ್ಚು ಅನ್ನಲಿ, ಬೈಯಲಿ. ಫಿಯೆಟ್ಟು ದೂರದ ತಿರುವು ಸುತ್ತಿತು. ಎದುರಿಗೆ ಹಾದುಹೋಯಿತು.

"ಪೆಟ್ರೋಲ್ ಇನ್ನೆಷ್ಟು ಸುತ್ತಿಗೆ ಬತ್ತದೆ? ಓವರ್."

ಅವಳು ಸ್ಲೇಟು ನೋಡಿ ಹೇಳಿದಳು.

ಇನ್ನೊಂದು ಸುತ್ತಿನ ಮೇಲೆ ಅವನ ದನಿ ಮತ್ತೆ ಬಂತು, ಆಚೆ ದಡದ ಸಂಜೆಯಷ್ಟೇ ಮೆತ್ತಗೆ. "ಎಲ್ಲಾ ಕೇಳಿಸ್ತು ಗಂಗಾ. ನಾನೇ ಹೇಳ್ಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ. ಹಿಂದೂಪುರ ಏನು ದೂರಾನಾ? ಹಬ್ಬಕ್ಕೊಂದ್ಸಲ ಹೋಗಿ ನೋಡ್ಕೊಂಡು ಬರೋಣ. ಮಕ್ಕಳು ಬೇಗ ಮರೀತಾವೆ. ನೀನಿಲ್ದೆ ನಂಗಾಗಲ್ಲ ಕಣೆ. ಬತ್ತೀಯಾ? ಓವರ್."

ಒಂದು ಮಾತೂ ತಪ್ಪದೆ ಕೇಳಿಸಿತು. ಗರಗರವನ್ನೆಲ್ಲ ಅವಳೇ ಕೂತು ತೆಗೆದಿದ್ದಳಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ದನಿ ಕೇಳಿದೊಡನೆ ಅವಳ ಕುತ್ತಿಗೆ ಎಂದಿನಂತೆ ಬೆಚ್ಚಗಾಯಿತು. ಅಪ್ಪನ ಮನೆಯಲ್ಲಿ ಮಗುವಿಗೆ ಏನು ಕಡಿಮೆ, ಶಾಲೆಯೂ ಹತ್ತಿರ ಎಂದು ಒಳಗಿನಿಂದ ಯಾರೋ ಲೆಕ್ಕ ಒಪ್ಪಿಸುತ್ತಿದ್ದರು. ಬತ್ತೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೆರಳು ಗುಂಡಿಯ ಮೇಲಿತ್ತು.

ಆ ಬೆರಳನ್ನು ಮಿಠಾಯಿ ಅಂಟಿದ ಪುಟ್ಟ ಕೈಯೊಂದು ಪಕ್ಕಕ್ಕೆ ಸರಿಸಿತು. ಆದಿಯ ಕಿವಿಯಲ್ಲೂ ಇಯರ್‌ಫೋನು ಇತ್ತು; ಗಂಗಾದೇವಿ ಅದನ್ನು ಮರೆತಿದ್ದಳು. ಮಗು ಅಳುತ್ತಿರಲಿಲ್ಲ. ಅಮ್ಮನ ಎಡಗೆನ್ನೆಯನ್ನೇ ನೋಡುತ್ತಾ ಗುಂಡಿ ಒತ್ತಿ, ತುಟಿಯನ್ನು ಮೈಕಿಗೆ ತಾಗಿಸಿ, ಕೂಗದೆ, ಮೆತ್ತಗೆ ಕೇಳಿತು:

"ಮಾಮ, ನಾನು ಇಲ್ದೇ ಇದ್ರೆ ಅಮ್ಮ ಇನ್ನೂ ಜಾಸ್ತಿ ನಗ್ತಾಳಾ? ಓವರ್."