ತಳದ ಗೆರೆ

"ನನ್ನ ಗಂಡನನ್ನ ನಾನೇ ಕೊಂದೆ ಅಂತಿದಾರೆ, ಅಕ್ಕಾ," ಎನ್ನುತ್ತಾ ಆಕೆ ನಮ್ಮ ಹೊಸಿಲ ಬಳಿಯೇ ಕುಸಿದು ಕುಳಿತಳು.

ನಮ್ಮಕ್ಕ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೀಸೆ ತೊಳೆದು ನಿವೃತ್ತಳಾದವಳು. ಬೀದಿಯಲ್ಲಿ ಏನೇ ನಡೆದರೂ ಜನ ಮೊದಲು ತಟ್ಟುತ್ತಿದ್ದದ್ದು ಅವಳ ಬಾಗಿಲನ್ನೇ. ಹೊಲಿಗೆ ಯಂತ್ರ ಬಿಟ್ಟು ಅವಳ ಹಿಂದೆ ಚೀಲ ಹಿಡಿದು ಓಡುವುದು ತಂಗಿಯಾದ ನನ್ನ ಪಾಲು.

ಬಂದಾಕೆ ಬೀದಿಯ ಕೊನೆಯ ಪ್ಲಾಸ್ಟಿಕ್ ಕಾರ್ಖಾನೆಯವಳು. ಮನೆಮನೆಯ ಬಾಟಲಿಗಳನ್ನು ತೊಳೆದು, ಕರಗಿಸಬಾರದ ಕೆಟ್ಟವನ್ನು ಆರಿಸಿ ತೆಗೆಯುವುದು ಅವಳ ಕೆಲಸ, ಉಳಿದದ್ದನ್ನು ಕರಗಿಸುವುದು ಗಂಡನ ಕೆಲಸ. ಹಿಂದಿನ ದಿನ ಅವನು ಊಟ ಮುಗಿಸಿ ಬಂದಾಗ ಯಂತ್ರ ಘಾಟು ಹೊಗೆ ಕಾರುತ್ತಿತ್ತು. ನಿಲ್ಲಿಸಲು ನುಗ್ಗಿದವನು ಆಸ್ಪತ್ರೆಯಲ್ಲಿ ತೀರಿಕೊಂಡ.

"ಕಣ್ಣು ಮಂಜಾಗಿದೆ, ನಿಜ. ಆದ್ರೆ ಬೆರಳಿಗೆ ಗೊತ್ತಾಗುತ್ತೆ. ನೀರಿನ ಬಾಟಲಿ ತಳದ ನಡುವೆ ಸಣ್ಣ ಉಬ್ಬು. ಕೆಟ್ಟದ್ದಕ್ಕೆ ಅಡ್ಡ ಗೆರೆ. ನನ್ನ ಬೆರಳು ತಪ್ಪಲ್ಲ," ಎಂದಳು ಆಕೆ.

ಕಾರ್ಖಾನೆಯಲ್ಲಿ ಯಜಮಾನರು ಬಾಗಿಲಲ್ಲೇ ಸಿಕ್ಕರು. "ಇನ್ನೇನು ನೋಡ್ತೀರಮ್ಮಾ? ಒಂದು ಮೂಟೆ ಕೆಟ್ಟ ಬಾಟಲಿ ಒಳಗೆ ಬಿಟ್ಟಿದಾಳೆ."

ಯಂತ್ರದ ಬಾಯಲ್ಲಿ ಉಳಿದಿದ್ದ ಬಾಟಲಿಯೊಂದನ್ನು ಅಕ್ಕ ಎತ್ತಿಕೊಂಡಳು. ಅದನ್ನು ಮುಟ್ಟಿದ ಅವಳ ಬೆರಳಿಗೆ ಕಪ್ಪು ಧೂಳು ಮೆತ್ತಿತು. ಕಾಯಿಸಿದ ತಾಮ್ರದ ತಂತಿಯನ್ನು ಬಾಟಲಿಗೆ ಒತ್ತಿ ಮತ್ತೆ ಉರಿಗೆ ಹಿಡಿದಾಗ ಜ್ವಾಲೆ ಹಸಿರಾಯಿತು. ಯಂತ್ರದ ಹಿಂದೆ, ಸತ್ತವನ ಊಟದ ಚೀಲ ನೇತುಹಾಕುವ ಮೊಳೆಯ ಕೆಳಗೆ, ಒಂದು ಖಾಲಿ ಮೂಟೆ ಬಿದ್ದಿತ್ತು.

ಆಮೇಲೆ ಅಕ್ಕ ಆಕೆಯ ಮುಂದೆ ಮೇಜಿನ ಮೇಲೆ ಇಪ್ಪತ್ತು ಬಾಟಲಿ ಇಟ್ಟು ಆರಿಸಲು ಹೇಳಿದಳು. ಮುಗಿದ ಮೇಲೆ ಎರಡೂ ಗುಂಪಿನ ತಳಗಳನ್ನು ತಿರುಗಿಸಿ ನೋಡಿದಳು. ಅಕ್ಕನ ಮುಖ ಇಳಿದದ್ದು ನನಗೆ ಮಾತ್ರ ಕಂಡಿತು.

ಸಂಜೆ ಇನ್‌ಸ್ಪೆಕ್ಟರ್ ಬಂದರು. ಎಲ್ಲರೂ ಆ ಮೇಜಿನ ಸುತ್ತ ಸೇರಿದೆವು.

"ತಳದ ತ್ರಿಕೋನದಲ್ಲಿ ಒಂದು ಅಂತಿದ್ರೆ ಇಲ್ಲಿ ಕರಗಿಸಬಹುದು," ಎಂದಳು ಅಕ್ಕ. "ಮೂರು ಅಂತಿದ್ರೆ ಅದು ಪಿವಿಸಿ. ಈ ಕಾವಿಗೆ ಆಮ್ಲದ ಹೊಗೆ ಬಿಡುತ್ತೆ. ನೋಡೋಕೆ ಎರಡೂ ಒಂದೇ ಥರ ತಿಳಿ. ಜ್ವಾಲೆ ಹಸಿರಾಯ್ತಲ್ಲ, ಒಳಗೆ ಹೋಗಿದ್ದು ಮೂರರ ಗುರುತಿನದೇ. ಆದ್ರೆ ಈಕೆ ಕೈಯಿಂದ ಹೋಗೋ ಬಾಟಲಿ ತೊಳೆದಿರುತ್ತೆ. ಇದರ ಮೇಲೆ ತಿಂಗಳುಗಟ್ಟಲೆ ಧೂಳು. ಅಂದ್ರೆ ನಿನ್ನೆ ಆರಿಸಿದ್ದಲ್ಲ, ಎಲ್ಲೋ ಕೂಡಿಟ್ಟಿದ್ದು. ಯಜಮಾನ್ರೇ, ಒಂದು ಮೂಟೆ ಅಂದ್ರಲ್ಲ. ಎಷ್ಟು ಹೋಯ್ತು ಅಂತ ಯಂತ್ರ ಹೇಳಲ್ಲ. ಸುರಿದೋರಿಗೆ ಮಾತ್ರ ಗೊತ್ತು."

ಯಜಮಾನರು ಕುರ್ಚಿ ಎಳೆದು ಕುಳಿತರು. "ಅವನು ಊಟಕ್ಕೆ ಹೋಗಿದ್ದ. ಯಂತ್ರದ ಹಿಂದೆ ಮೂಟೆ ಕಂಡ್ತು. ಒಳ್ಳೆ ಮಾಲು ಕದ್ದು ಬಚ್ಚಿಟ್ಟಿದಾನೆ ಅಂದ್ಕೊಂಡೆ. ಎಲ್ಲಾ ತಿಳಿ ಬಾಟಲಿನೇ ಅಲ್ವಾ ಅಂತ ಸುರಿದೆ."

"ನನ್ನ ಗಂಡ ಕಳ್ಳ ಅಲ್ಲ," ಎಂದಳು ಆಕೆ. "ಆದ್ರೆ ಅದನ್ನ ಯಾಕೆ ಬಚ್ಚಿಟ್ರು, ಅಕ್ಕಾ?"

ಇನ್‌ಸ್ಪೆಕ್ಟರರೂ ಅದನ್ನೇ ಕೇಳಿದರು. ಅಕ್ಕನಿಗೆ ಹೇಳದೆ ವಿಧಿಯಿರಲಿಲ್ಲ.

"ಮಧ್ಯಾಹ್ನದ ಇಪ್ಪತ್ತರಲ್ಲಿ ಕೆಟ್ಟದ್ದು ಆರಿತ್ತು. ನಿನ್ನ ಕೈ ಹಿಡಿದಿದ್ದು ಎರಡು. ಇಷ್ಟು ವರ್ಷದ ಬಿಸಿನೀರು, ತೊಳೆಯೋ ಸೋಡಾಕ್ಕೆ ಬೆರಳು ಮರಗಟ್ಟಿದೆ ಕಣಮ್ಮಾ. ನೀನು ಬಿಟ್ಟಿದ್ದನ್ನ ದಿನಾ ಅವನು ಹೆಕ್ಕಿ ಆ ಮೂಟೆಗೆ ಹಾಕ್ತಿದ್ದ. ಹೊರಗೆ ಎಸೆದಿದ್ರೆ ನಿನ್ನ ತಪ್ಪು ಎಲ್ಲರಿಗೂ ಗೊತ್ತಾಗ್ತಿತ್ತು."

ಆಕೆ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡಳು. "ಒಂದಿನಾನೂ ಬಾಯಿ ಬಿಡ್ಲಿಲ್ಲ," ಎಂದಳು.

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಮುಂದಿನ ವಾರ ಯಂತ್ರ ಮತ್ತೆ ತಿರುಗಿತು. ಆಕೆಯ ಜಾಗದಲ್ಲಿ ಬೇರೊಬ್ಬಳು ಕುಳಿತಳು.

ಅಕ್ಕನ ಒತ್ತಾಯಕ್ಕೆ ನಾನು ಆಕೆಯನ್ನು ಕರೆದು ಗುಂಡಿ ಹಚ್ಚಲು ಕೊಟ್ಟೆ. ಎರಡನೆಯ ದಿನ ಸೂಜಿ ಬೆರಳಿಗೆ ಹೊಕ್ಕಿದ್ದು ಆಕೆಗೆ ತಿಳಿಯಲೇ ಇಲ್ಲ. ಬಿಳಿ ಅಂಗಿ ಕೆಂಪಾದಾಗ ನಾನೇ ಹೇಳಬೇಕಾಯಿತು. ಆಕೆ ಅಂಗಿಯನ್ನು ತೊಳೆದು, ಹಿಂಡಿ, ಹಗ್ಗಕ್ಕೆ ಹಾಕಿ ಹೋದಳು. ಮರುದಿನದಿಂದ ಬರಲಿಲ್ಲ.