ಅವನ ಕಡೆಯ ದೊಡ್ಡವರು

ಆ ಸೋಮವಾರ ಬೆಳಿಗ್ಗೆ ಅವಳು ಕನ್ನಡಕದಂಗಡಿಗೆ ಬರುವಷ್ಟರಲ್ಲಿ ಅವನು ತನ್ನ ಮೇಜನ್ನು ತಿರುಗಿಸಿ ಹಾಕಿಕೊಂಡಿದ್ದ. ನಾಲ್ಕು ವರ್ಷ ನಡುವಿನ ಗಾಜಿನ ಗೋಡೆಯಾಚೆ ಕಾಣುತ್ತಿದ್ದ ಮುಖದ ಜಾಗದಲ್ಲಿ ಈಗ ಬೆನ್ನು.

ಗಾಜಿನ ಈಚೆ ಅವಳು ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುತ್ತಿದ್ದಳು, ಆಚೆ ಅವನು ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ. ತಲೆ ತಿನ್ನುವ ಗಿರಾಕಿ ಬಂದರೆ ಅವಳು ಒಂದು ಹುಬ್ಬು ಏರಿಸುತ್ತಿದ್ದಳು. ಅವನು ತುಟಿ ಬಿಗಿಹಿಡಿದು ಮೆಷಿನ್ನಿನ ಮೇಲೆ ಬಗ್ಗುತ್ತಿದ್ದ. ನಗು ತಡೆಯಲಾರದೆ ಅವನ ಭುಜ ಕುಲುಕುವುದು ಅವಳಿಗೆ ಮಾತ್ರ ಕಾಣುತ್ತಿತ್ತು. ಅದಕ್ಕೊಂದು ಹೆಸರಿಡಲು ಇಬ್ಬರೂ ಹೋಗಿರಲಿಲ್ಲ.

ಏಳು ತಿಂಗಳ ಹಿಂದೆ ಅವನು ಮುಸ್ಲಿಮನಾಗಿದ್ದ. ಅವಳು ಹುಟ್ಟಿನಿಂದಲೇ ಮುಸ್ಲಿಂ. ಆದರೂ ಆ ವಿಷಯ ಅವಳ ಕಿವಿಗೆ ಬಿದ್ದಿದ್ದು ಎಲ್ಲರಿಗಿಂತ ಕೊನೆಗೆ. ಗಿರಾಕಿಯೊಬ್ಬರು ಕೊಟ್ಟ ಚಾಕೊಲೇಟನ್ನು ಅವನು ಬಾಯಿಗೆ ಹಾಕಿಕೊಳ್ಳದೆ, ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದತೊಡಗಿದಾಗ ಅವಳಿಗೆ ಅನುಮಾನ ಬಂದಿತ್ತು. ಶನಿವಾರದ ಗೆಳೆಯರನ್ನೂ ಕುಡಿತದ ಗ್ಲಾಸನ್ನೂ ಒಟ್ಟಿಗೇ ಬಿಟ್ಟಿದ್ದ. ಕ್ಯಾಪ್ಸೂಲಿನ ಕವಚ ಯಾವ ಪ್ರಾಣಿಯಿಂದ ಮಾಡಿದ್ದೆಂದು ಔಷಧಿ ಅಂಗಡಿಯವನ ಪ್ರಾಣ ಹಿಂಡುತ್ತಿದ್ದ. ಲೆನ್ಸ್ ಒರೆಸುವ ಸ್ಪಿರಿಟ್ ಮುಟ್ಟಬಹುದಾ ಎಂದು ಒಮ್ಮೆ ಅವಳನ್ನೇ ಕೇಳಿದ್ದ.

"ಕುಡೀಬೇಡ, ಅಷ್ಟು ಸಾಕು," ಎಂದು ಅವಳು ನಕ್ಕಿದ್ದಳು.

ಕೆಟ್ಟದ್ದು ನಡೆದದ್ದು ಆ ಸೋಮವಾರಕ್ಕೆ ಹಿಂದಿನ ಶನಿವಾರ. "ಹುಡುಗಿಗೋಸ್ಕರ ತಾನೇ ಇಷ್ಟೆಲ್ಲ? ನಮಗೇನು ಗೊತ್ತಾಗಲ್ವಾ?" ಎಂದು ಮಾಲೀಕರು ಎಲ್ಲರೆದುರು ಕಣ್ಣು ಮಿಟುಕಿಸಿದರು. ಅವಳು ನಕ್ಕು ತೇಲಿಸಿದಳು. ಅವನ ಕಿವಿ ಕೆಂಪಾಯಿತು.

ಸೋಮವಾರದಿಂದ ಅವನಿಗೆ ಅವಳು "ನೀವು" ಆದಳು.

ಒಂದು ವಾರ ಸಹಿಸಿದಳು. ಮಾಲೀಕರು ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ಅವಳು ಗಾಜಿನ ಬಾಗಿಲು ತಳ್ಳಿ ಒಳಗೆ ಹೋದದ್ದೇ, ಅವನು ಎದ್ದು ಅವಳನ್ನು ದಾಟಿ ಹೋಗಿ ಅಂಗಡಿಯ ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟು ಹೊಸ್ತಿಲಲ್ಲಿ ನಿಂತ.

"ನಾನೇನು ಕಚ್ತೀನಾ?"

"ಇಬ್ಬರೇ ಇದೀವಲ್ಲ, ಬಾಗಿಲು ಮುಚ್ಚಿ ಹಾಗೆ ಇರಬಾರದು. ಅದಕ್ಕೆ," ಎಂದ, ನೆಲ ನೋಡುತ್ತ.

"ಹುಟ್ಟಿದಾಗಿಂದ ಮುಸ್ಲಿಂ ನಾನು. ನಿನಗಿನ್ನೂ ವರ್ಷ ತುಂಬಿಲ್ಲ. ನನಗೇ ಪಾಠ ಮಾಡೋಕೆ ಬಂದ್ಯಾ? ನಮಾಜು ಬಿಡ್ತೀನಿ, ಪ್ಯಾಕೆಟ್ ಓದಲ್ಲ. ನಾನು ಸಾಲಲ್ಲ ಅನ್ನಿಸ್ತಾ ನಿನಗೆ?"

ಅವನು ಗಾಬರಿಯಾದ. "ಅಯ್ಯೋ, ಅಲ್ಲ! ಪಾಠ ನನಗೆ, ನಿಮಗಲ್ಲ." "ಅಪ್ಪ ಹೋದ್ಮೇಲೆ ನನ್ನ ತಲೆಯೊಳಗೆ ಒಂದು ನಿಮಿಷ ಸದ್ದು ನಿಂತಿರಲಿಲ್ಲ. ನೆಲಕ್ಕೆ ಹಣೆ ಇಟ್ಟಾಗ ನಿಂತಿತು. ಅದು ನನ್ನದು, ಯಾರಿಗೋಸ್ಕರಾನೂ ಅಲ್ಲ. ಆದರೆ ಮಾಲೀಕರು ಅವತ್ತು ಹಾಗಂದಾಗ... ಸುಳ್ಳು ಅಂತ ಎದೆ ತಟ್ಟಿ ಹೇಳೋಕೆ ಆಗಲಿಲ್ಲ. ಯಾಕಂದ್ರೆ ನೀವು ಗಾಜಿನಾಚೆ ಇರ್ತೀರಿ. ದಿನಾ ಇರ್ತೀರಿ."

ಅವಳು ಅವನ ಮೇಜಿನ ಮೇಲಿದ್ದ ಫ್ರೇಮೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು.

"ಬೇರೆ ಅಂಗಡೀಲಿ ಕೆಲಸ ಕೇಳಿದೀನಿ. ಒಂದನೇ ತಾರೀಖಿಗೆ ಹೋಗ್ತೀನಿ," ಎಂದ ಅವನು.

ಬೇಡ ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಮುರಿದ ಕನ್ನಡಕ ಹಿಡಿದು ಒಳಗೆ ಬಂದರು.

ಅವನು ಹೋದ. ಮೇಜನ್ನು ಯಾರೋ ಮತ್ತೆ ಮೊದಲಿನಂತೆ ಇಟ್ಟರು. ಅಲ್ಲಿ ಈಗ ಇಡೀ ದಿನ ಗುನುಗುವ ಹೊಸಬರು.

ಮೊದಲ ತಿಂಗಳು ಸಿಟ್ಟಿನಲ್ಲೇ ಕಳೆಯಿತು. ಎರಡನೆಯ ತಿಂಗಳಲ್ಲಿ ಒಂದು ದಿನ, ಅಬ್ಬನ ವಿಟಮಿನ್ ಡಬ್ಬಿಯನ್ನು ತಾನು ತಿರುಗಿಸಿ ಓದುತ್ತಿರುವುದು ಅವಳಿಗೇ ಅರಿವಾಯಿತು. ಕವಚ ಜೆಲಟಿನ್ನಿನದು ಎಂದಿತ್ತು. ಯಾವ ಪ್ರಾಣಿಯದ್ದೆಂದು ಇರಲಿಲ್ಲ.

"ಹತ್ತು ವರ್ಷದಿಂದ ನುಂಗ್ತಿದೀನಿ," ಎಂದರು ಅಬ್ಬ, ಬಸ್ ಓಡಿಸಿ ನಿವೃತ್ತರಾದ ಅವಳ ತಂದೆ. "ಇವತ್ತೇನು ಹೊಸದು?"

"ಯಾವತ್ತೂ ನೋಡಿರ್ಲಿಲ್ಲ. ಕೈಗೆ ಬಂದಿದ್ದನ್ನ ಹಾಗೇ ನುಂಗ್ತಾ ಬಂದಿದೀವಿ, ಅಲ್ವಾ?"

ಅಬ್ಬ ಅವಳ ಮುಖವನ್ನೇ ನೋಡಿದರು. ಆ ಸಂಜೆ ಅವಳು ಬಹಳ ದಿನಗಳ ಮೇಲೆ ಅವಸರವಿಲ್ಲದೆ ನಮಾಜು ಮಾಡಿದಳು. ಅದರಲ್ಲಿ ಅವನ ನೆನಪು ಬರಲಿಲ್ಲ. ಮುಗಿದ ಮೇಲೆ ಬಂತು. ಅದು ನನ್ನದು, ಯಾರಿಗೋಸ್ಕರಾನೂ ಅಲ್ಲ ಎಂದು ಅವನು ಹೇಳಿದ್ದು ಆಗ ಅರ್ಥವಾಯಿತು.

ಮೂರನೆಯ ತಿಂಗಳ ಕೊನೆಗೆ ಹೆಂಗಸೊಬ್ಬರು ಕಣ್ಣು ಪರೀಕ್ಷೆಗೆ ಬಂದು ಕುಳಿತರು. ಬೂದು ಸ್ವೆಟರು, ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದ ಚೀಲ.

"ಇದು ಚೆನ್ನಾಗಿ ಕಾಣುತ್ತಾ, ಇದಾ?" ಲೆನ್ಸ್ ಬದಲಿಸುತ್ತ ಕೇಳಿದಳು.

"ಎರಡೂ ಒಂದೇ. ನಾನು ನೋಡೋಕೆ ಬಂದಿದ್ದು ನಿನ್ನನ್ನ, ಈ ಅಕ್ಷರಗಳನ್ನಲ್ಲ. ನಾನು ಅವನ ಅಮ್ಮ."

ಲೆನ್ಸ್ ಕೈಜಾರಿ ಟ್ರೇಗೆ ಬಿತ್ತು.

"ನಿನ್ನನ್ನ ಮನಸ್ಸಲ್ಲಿ ಎಷ್ಟು ಬೈದಿದೀನಿ ಗೊತ್ತಾ? ಮಗನ್ನ ಇವಳೇ ಕೆಡಿಸಿದ್ಲು ಅಂತ. ಬಿಸ್ಕತ್ತನ್ನೂ ಪರೀಕ್ಷೆಗೆ ಕೂತವನ ಥರ ಓದ್ತಾನೆ! ಹಲಾಲ್ ಮಾಂಸ ತರೋಕೆ ನಾನು ಎರಡು ಬಸ್ ಬದಲಾಯಿಸ್ತೀನಿ. ಅವನ ಬಾಣಲೆ ಬೇರೆ, ನನ್ನದು ಬೇರೆ." ಆಕೆ ಉಸಿರು ತೆಗೆದುಕೊಂಡರು. "ಆಮೇಲೆ ಇಲ್ಲಿ ಕೆಲಸ ಬಿಟ್ಟ. ಸರಿ, ಇನ್ನು ಎಲ್ಲಾ ಬಿಡ್ತಾನೆ ಅಂದ್ಕೊಂಡೆ. ಒಂದು ದಿನ, ಒಂದೇ ಒಂದು ದಿನ ನಮಾಜು ತಪ್ಪಿಸಲಿಲ್ಲ. ನಿನಗೋಸ್ಕರ ಆ ಧರ್ಮಕ್ಕೆ ಹೋಗಿದ್ರೆ ನಿನ್ನನ್ನೇ ಬಿಟ್ಟು ಬರ್ತಿದ್ನಾ?"

ಅವಳು ಬಿದ್ದ ಲೆನ್ಸನ್ನು ಎತ್ತಿ ಬಟ್ಟೆಯಲ್ಲಿ ಒರೆಸಿದಳು.

"ನಿನ್ನ ವಿಷಯ ಕೇಳಿದ್ರೆ ತಟ್ಟೆ ನೋಡ್ತಾನೆ. ನೀನೇ ಹೋಗಿ ಕೇಳೋ ಅಂದೆ. ಹಾಗೆ ಕೇಳಬಾರದಂತೆ, ದೊಡ್ಡವರು ಹೋಗಿ ಹುಡುಗಿ ತಂದೆ ಹತ್ರ ಮಾತಾಡಿದ್ರೆ ಚೆಂದವಂತೆ. ಅವನ ಕಡೆ ದೊಡ್ಡವರು ಅಂತ ಇರೋದು ನಾನೊಬ್ಬಳೇ. ನಾನು ನಿಮ್ಮೋಳಲ್ಲ." ಆಕೆಯ ದನಿ ಸಣ್ಣದಾಯಿತು. "ನಾನು ಬಂದ್ರೆ ನಡೆಯುತ್ತಾ, ಮಗಳೇ?"

ಅವಳು ಆಕೆಯ ಮೂಗಿನ ಮೇಲಿನ ಭಾರದ ಪರೀಕ್ಷಾ ಫ್ರೇಮನ್ನು ಮೆಲ್ಲಗೆ ತೆಗೆದಳು. ಒಳಗಿನ ಕಣ್ಣು ಒದ್ದೆಯಾಗಿತ್ತು.

"ಭಾನುವಾರ ಬನ್ನಿ, ಅಮ್ಮ. ಅಬ್ಬ ಮನೇಲಿರ್ತಾರೆ."

ಭಾನುವಾರ ತಾಯಿ ಮಗ ಇಬ್ಬರೂ ಬಂದರು. ಅಬ್ಬ ಸುತ್ತಿ ಬಳಸಿ ಮಾತಾಡಲಿಲ್ಲ. "ನಿಮಗೆ ಇದು ಪೂರ್ತಿ ಒಪ್ಪಿಗೆನಾ?"

"ಪೂರ್ತಿ ಇಲ್ಲ," ಎಂದರು ಆಕೆ. "ಆದರೆ ನನ್ನ ಮಗನ ಪರವಾಗಿ ಬೇರೆ ಯಾರೋ ಮಾತಾಡೋದು ನನಗೆ ಬೇಡ."

ಅಬ್ಬ ಎದ್ದು, ಯಾರಿಗೂ ಬಿಟ್ಟುಕೊಡದ ತಮ್ಮ ಮೆತ್ತನೆಯ ಕುರ್ಚಿಯನ್ನು ಆಕೆಯ ಮುಂದೆ ಎಳೆದರು. "ಇಲ್ಲಿ ಕೂತ್ಕೊಳ್ಳಿ. ಬೆನ್ನಿಗೆ ಒಳ್ಳೇದು."

ಆಮೇಲೆ ಮಕ್ಕಳಿಬ್ಬರೂ ಪಕ್ಕದ ಕೋಣೆಯಲ್ಲಿ ಮಾತಾಡಲಿ ಎಂದಾಯಿತು. ಬಾಗಿಲು ತೆರೆದೇ ಇತ್ತು. ಹಿರಿಯರು ನಾಲ್ಕು ಹೆಜ್ಜೆ ದೂರ. ಅವನು ಬೆರಳಿನ ಉಗುರು ನೋಡುತ್ತ ಕುಳಿತ.

"ಮದುವೆ ಮಾತಿಗೆ ಬಂದವನು ಹುಡುಗೀನ ನೋಡಬಹುದು," ಎಂದಳು. "ಅಷ್ಟೆಲ್ಲ ಓದ್ತೀಯ, ಅದನ್ನ ಓದಿಲ್ವಾ?"

"ಓದಿದೀನಿ. ಧೈರ್ಯ ಸಾಲ್ತಿಲ್ಲ."

ಆದರೂ ತಲೆ ಎತ್ತಿದ. ಮೊದಲು ಅವಳ ಗಲ್ಲದವರೆಗೆ, ಅಲ್ಲೊಂದು ಕ್ಷಣ ನಿಂತು, ಆಮೇಲೆ ಕಣ್ಣಿಗೆ. ಅವಳೇ ಮೊದಲು ದೃಷ್ಟಿ ತಗ್ಗಿಸಬೇಕಾಯಿತು.

"ಒಂದು ಮಾತು ಕೇಳಬೇಕು. ನಿಜ ಹೇಳು. ನಾನು ಬೇಡ ಅಂದ್ರೆ ಏನು ಮಾಡ್ತೀಯ?"

"ಅಳ್ತೀನಿ," ಎಂದ. "ಬಸ್ಸಲ್ಲೇ ಶುರು ಮಾಡ್ತೀನೇನೋ. ಅಮ್ಮ ಬೈತಾರೆ. ಆಮೇಲೆ ಮುಖ ತೊಳ್ಕೊಂಡು ನಮಾಜಿಗೆ ನಿಲ್ತೀನಿ."

ಇನ್ನಾವ ಮಾತು ಅವನು ಆಡಿದ್ದರೂ ಅವಳಿಗೆ ಅರೆಮನಸ್ಸೇ ಉಳಿಯುತ್ತಿತ್ತು.

"ಹಾಗಾದ್ರೆ ಸರಿ," ಎಂದಳು.

"ಏನು ಸರಿ?"

"ಒಪ್ಪಿಗೆ ಅಂತ, ಪೆದ್ದ."

ಆಚೆ ಕೋಣೆಯಲ್ಲಿ ಮಾತು ನಿಂತಿತ್ತು. ಮೆತ್ತನೆಯ ಕುರ್ಚಿ ಕಿರ್ರೆಂದಿತು.

"ಏನಂದ್ಲು?" ಅವನಮ್ಮನ ದನಿ. "ನನಗೆ ಕೇಳಿಸ್ಲಿಲ್ಲ!"

"ನನಗೂ ಕೇಳಿಸ್ಲಿಲ್ಲ," ಎಂದರು ಅಬ್ಬ, ಎಲ್ಲ ಕೇಳಿಸಿಕೊಂಡವರ ದನಿಯಲ್ಲಿ.

ಅವಳು ಎದ್ದು ಬಾಗಿಲವರೆಗೆ ನಡೆದು, ಇಬ್ಬರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು.