ಉಬ್ಬಿದ ಬಾಗಿಲು

“ಗಾಡೀನೆಲ್ಲಾ ನೋಡ್ಕಳಪ್ಪ. ಆ ಹಿಂದ್ಲ ಬಾಗ್ಲು ಮಾತ್ರ ಬಡೀಬ್ಯಾಡ,” ಎಂದರು ನೀಲಗಂಗಮ್ಮ.

ರುದ್ರೇಶ ನಕ್ಕ. ಹೊಳೆನರಸೀಪುರದಲ್ಲಿ ಹದಿನೈದು ವರ್ಷದಿಂದ ಟಿಂಕರಿಂಗ್ ಶಾಪ್ ಇಟ್ಟವನಿಗೆ ಬಾಗಿಲು ಬಡಿಯಬೇಡ ಅನ್ನುವುದೆಂದರೆ, ಡಾಕ್ಟರಿಗೆ ನಾಡಿ ಹಿಡಿಯಬೇಡ ಎಂದ ಹಾಗೆ. ಬೆರಳ ಗೆಣ್ಣಿನಿಂದ ಒಂದೇಟು ಕೊಟ್ಟರೆ ಸಾಕು, ತಗಡು ಅಸಲಿಯೋ ಪುಟ್ಟಿ ಮೆತ್ತಿದ್ದೋ ಅವನ ಕಿವಿಗೆ ತಿಳಿದುಬಿಡುತ್ತಿತ್ತು.

“ಯಾಕಮ್ಮ, ಒಳಗೆ ದೆವ್ವ ಐತಾ?”

“ನಮ್ಮೆಜಮಾನ್ರವ್ರೆ.” ಆಕೆ ತಲೆ ತಗ್ಗಿಸಿದರು. “ದಾಯಾದಿಗಳು ಮಾಟ ಮಾಡ್ಸಿದ್ರು. ಬಡ್ದೋರು ಒಳೀಕೆ, ಒಳಗಿದ್ದೋರು ಈಚೀಕೆ. ಎರಡು ವರ್ಷಾಯ್ತು. ಹೇಳೋದು ಹೇಳಿವ್ನಿ ಕಣಪ್ಪ.”

ಅಯ್ಯೋ ಶಿವನೇ, ಈ ಮನುಷ್ಯನಿಗೆ ಇನ್ನೆಷ್ಟು ಬಿಡಿಸಿ ಹೇಳಬೇಕಿತ್ತು! ಆದರೆ ಅವನ ಕಣ್ಣು ಆಗಲೇ ಗಾಡಿಯ ಮೇಲೆ ಬಿದ್ದಿತ್ತು. ಮಾರಾಟಕ್ಕಿಟ್ಟ ಹಳೇ ಸ್ಟೇಷನ್ ವ್ಯಾಗನ್. ಹಿಂದಿನ ಸೀಟು ಮಡಚಿದರೆ ಅವ್ವ ಕಾಲು ಚಾಚಿ ಮಲಗಬಹುದು. ಅವ್ವ ಸುಬ್ಬಮ್ಮನಿಗೆ ವಾರಕ್ಕೆರಡು ಸಲ ಹಾಸನದಲ್ಲಿ ಡಯಾಲಿಸಿಸ್. ಅಲ್ಲಿಗೆ ಹೋಗುವ ಹಳ್ಳಿಮೈಸೂರಿನ ಬಸ್ಸಿನಲ್ಲಿ ಆಕೆ ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ನರಳುವುದನ್ನು ಅವನಿಗೆ ಇನ್ನು ನೋಡಲಾಗುತ್ತಿರಲಿಲ್ಲ. ಗಾಡಿಯನ್ನು ಆಕೆಯೇ ಒಪ್ಪಲಿ ಎಂದು ರಾಮನಾಥಪುರದವರೆಗೂ ಕರೆತಂದಿದ್ದ. ಆಕೆ ಜಗಲಿಯ ಕಂಬಕ್ಕೊರಗಿ, ಮಾತೆಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದಳು.

ಗಾಡಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ ನಿಂತಿತ್ತು. ಮಟಮಟ ಮಧ್ಯಾಹ್ನ. ಬೆಂದ ಸೊಪ್ಪಿನ ಘಾಟು ಗಂಟಲಲ್ಲಿ ಕೂರುತ್ತಿತ್ತು. ಇಂಜಿನ್ ಚೆನ್ನಾಗಿತ್ತು, ಟೈರು ಪರವಾಗಿಲ್ಲ. ಡಿಕ್ಕಿಯ ಬಾಗಿಲಲ್ಲಿ ಮಾತ್ರ ಸಣ್ಣದೊಂದು ಪೆಟ್ಟು. ಬಗ್ಗಿ ನೋಡಿದ. ಗುದ್ದಿದ ತಗಡು ಒಳಕ್ಕೆ ಹೋಗಿರಬೇಕು. ಇದು ಹೊರಕ್ಕೆ ಉಬ್ಬಿತ್ತು. ಒಂದು ಮುಷ್ಟಿಯ ಅಳತೆಗೆ.

ಕೈ ಅಭ್ಯಾಸಬಲದಿಂದ ಹೋಯಿತು. ಟಕ್, ಟಕ್.

ಒಳಗಿನಿಂದ, ಟಕ್.

ಕಣ್ಣಿಗೆ ಕತ್ತಲೆ ಬಂತು. ಬಂದ ಕತ್ತಲೆ ಹೋಗಲಿಲ್ಲ. ಮೊಣಕಾಲು ಎದೆಗೆ ಒತ್ತಿತ್ತು. ಬೆನ್ನಿಗೆ ತಗಡು. ಮೂಗಿಗೆ ತಗಡು. ಒಲೆಯೊಳಗಿನ ಬಿಸಿ. ಹಳೇ ಬೆವರಿನ, ಉಚ್ಚೆಯ, ಸುಟ್ಟ ಕೂದಲಿನ ವಾಸನೆ. ಕೂಗಿದ. ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಹೊರಗೆ ಯಾರೋ ಗಂಡಸು ಕೆಮ್ಮಿ ಕೆಮ್ಮಿ ನೀರು ಕೇಳಿದ.

ನೀಲಗಂಗಮ್ಮ ಅಳುತ್ತಿದ್ದರು. “ಬನ್ನಿ, ಒಳೀಕೆ ನಡೀರಿ,” ಎಂದರು ಗಂಡನಿಗೆ. “ಬ್ಯಾಡ ಅಂದಿದ್ದೆ ಕಣಕ್ಕ, ನಿಮ್ಮುಡುಗಂಗೆ. ದೇವ್ರಾಣೆಗೂ ಅಂದಿದ್ದೆ.” ಮನೆಯ ಚಿಲಕ ಬಿದ್ದ ಸದ್ದಾಯಿತು.

ಆಮೇಲೆ ಚಪ್ಪಲಿ ಎಳೆದುಕೊಂಡು ಬರುವ ಸದ್ದು. ಅವ್ವನದು.

“ರುದ್ರಾ, ಎಲ್ಲಿದ್ದೀಯ್ಲಾ?”

ಸುಮ್ಮನಿರಬೇಕು. ಅವನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಅವ್ವ ಹುಡುಕುತ್ತಾಳೆ, ಅಳುತ್ತಾಳೆ, ಬಸ್ಸು ಹತ್ತಿ ಹೋಗುತ್ತಾಳೆ. ಬದುಕುತ್ತಾಳೆ. ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡ. ಉಸಿರಿಲ್ಲ. ತಗಡು ಸುಡುತ್ತಿದೆ. ಎರಡು ವರ್ಷ. ಆ ಮನುಷ್ಯ ಎರಡು ವರ್ಷ ಹೀಗೇ ಇದ್ದ. ತುಟಿ ಕಚ್ಚಿಕೊಂಡ. ರಕ್ತ ಬಂತು. ಚಪ್ಪಲಿಯ ಸದ್ದು ದೂರ ಸರಿಯಿತು. ಹೋಗುತ್ತಿದ್ದಾಳೆ. ಹೋಗಿಬಿಟ್ಟಳು.

ಅವನು ಬಡಿದ. ಎರಡೂ ಮುಷ್ಟಿಯಿಂದ ಬಡಿದ.

ಚಪ್ಪಲಿ ನಿಂತಿತು. ತಿರುಗಿ ಬಂತು. ಬಾಗಿಲಿಗೆ ಕೆನ್ನೆ ಒತ್ತಿದ್ದಳೇನೋ, ಮಾತು ತೀರಾ ಹತ್ತಿರದಲ್ಲಿ ಕೇಳಿಸಿತು.

“ಆ ಯಮ್ಮ ಅಂದದ್ನ ನಾನೂ ಕೇಳಿವ್ನಿ ಕಣ್ಲಾ. ಎದರ್ಬ್ಯಾಡ, ಮಗಾ.”

ಟಕ್.

ಬಿಸಿಲು. ರುದ್ರೇಶ ಮಣ್ಣಿನ ಮೇಲೆ ಬಿದ್ದಿದ್ದ. ಎದುರಿಗೆ ಅವ್ವನ ಚಪ್ಪಲಿ. ಎದ್ದು ಡಿಕ್ಕಿಯ ಬಾಗಿಲು ಎಳೆದ. ಸಲೀಸಾಗಿ ತೆರೆಯಿತು. ಒಳಗೆ ಧೂಳು, ಒಂದು ಹರಿದ ಚಾಪೆ. ಯಾರೂ ಇಲ್ಲ. ಮುಚ್ಚಿದ.

ಬಡಿದರೆ ಅವ್ವ ಈಚೆ ಬರುತ್ತಾಳೆ. ಒಂದೇ ಒಂದು ಏಟು. ಕೈ ಎತ್ತಿದ. ಕೈ ಮುಂದಕ್ಕೆ ಹೋಗಲೊಲ್ಲದು. ಅವ್ವ ಒಂದು ಸಲ ಬಡಿಯಲಿ, ಆಗ ನಾನೂ ಬಡಿಯುತ್ತೇನೆ ಅಂದುಕೊಂಡ. ಸುಡುವ ತಗಡಿಗೆ ಕಿವಿ ಹಚ್ಚಿ ಕಾದ. ಬಿಸಿಲು ಇಳಿಯುವವರೆಗೂ ಕಾದ.

ಅವ್ವ ಬಡಿಯಲೇ ಇಲ್ಲ.